91ಕ್ಕೆ 91

ಕಲಬುರಗಿ
21 ಏಪ್ರಿಲ್ 2024, ಭಾನುವಾರ

ದೋಸ್ತ,

ನಾಲ್ಕು ದಿನ ಆಯ್ತು, ನಿನ್ನಿಂದ ಒಂದು ಮೆಸೇಜ್ ಇಲ್ಲ. ಹ್ಯೂಸ್ಟನ್‌ಗೆ ಹೋದ ಮೇಲೆ ನೀನು ಬರಫದ ಹಾಕಿ ನೋಡೋದು ಬಿಟ್ಟೆ ಅಂತ ಗೊತ್ತು. ಆ ಊರಿಗೆ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ಬರಫದ ಹಾಕಿ ಲೀಗ್) ತಂಡವೇ ಇಲ್ಲ, ಅದೂ ಗೊತ್ತು. ಆದರೂ ನನಗೆ ಈ ಡೆಟ್ರಾಯಿಟ್ ತಂಡದ ರೋಗ ಹಚ್ಚಿದವನು ನೀನು. ಹಚ್ಚಿದವನು ರೋಗಿ ಹೇಗಿದ್ದಾನೆ ಅಂತ ಒಂದು ಮಾತು ಕೇಳಬೇಕಲ್ವಾ?

ಇವತ್ತು ದಾಲ್ ಮಿಲ್ ರಜೆ. ಹೊರಗೆ ರಣ ಬಿಸಿಲು. ಕೂಲರ್‌ಗೆ ಎರಡು ಕೊಡ ನೀರು ಸುರಿದು ಅದರ ಮುಂದೆ ಕೂತು ಬರೀತಿದ್ದೇನೆ. ಪಕ್ಕದ ರೂಮಿನಲ್ಲಿ ಅಕ್ಕನ ಮಗ ಟಿವಿ ಹಚ್ಚಿಕೊಂಡಿದ್ದಾನೆ, ಕೋಲ್ಕತ್ತಾದಲ್ಲಿ ಆರ್‌ಸಿಬಿ ಆಡ್ತಿದೆ. ನಡುನಡುವೆ ಅವನು ಚೀರಿದರೆ ನನ್ನ ಪೆನ್ನು ಜಾರುತ್ತದೆ, ಅಕ್ಷರ ಸೊಟ್ಟ ಇದ್ದರೆ ತಪ್ಪು ನನ್ನದಲ್ಲ.

ಬುಧವಾರದ ಕತೆ ಹೇಳುತ್ತೇನೆ, ಕೇಳು.

ಬೇಸಿಗೆಯಲ್ಲವಾ, ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗಿದ್ದರು. ನಾಲ್ಕೂಕಾಲಿಗೆ ಅಲಾರಂ ಇಟ್ಟು ಫೋನನ್ನು ದಿಂಬಿನ ಕೆಳಗೆ ಹಾಕಿಕೊಂಡಿದ್ದೆ. ಮೊದಲೆಲ್ಲ ಐದೂವರೆಗೆ ಎದ್ದರೆ ಸಾಕಿತ್ತು. ಮಾರ್ಚ್ 10ಕ್ಕೆ ಅಲ್ಲಿನವರು ಗಡಿಯಾರ ಒಂದು ತಾಸು ಮುಂದೆ ತಳ್ಳಿದರು ನೋಡು, ಇಲ್ಲಿ ನನ್ನ ನಿದ್ದೆಗೆ ಒಂದು ತಾಸು ಕತ್ತರಿ. ಅವ್ವನಿಗೆ ಎಚ್ಚರ ಆಗಬಾರದು ಅಂತ ಒಂದೇ ಕಿವಿಗೆ ಇಯರ್‌ಫೋನ್. ಆಟ ಕಾಣೋದಿಲ್ಲ, ಕಾಮೆಂಟ್ರಿ ಮಾತ್ರ. ನಾವು ಹುಡುಗರಾಗಿದ್ದಾಗ ನಿಮ್ಮ ಕಾಕಾನ ಅಂಗಡಿ ಕಟ್ಟೆ ಮೇಲೆ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳ್ತಿದ್ದೆವಲ್ಲ, ಹಾಗೆಯೇ. ನಿಜ ಹೇಳಬೇಕಂದರೆ ಈ ಸೀಸನ್ನಿನ ಮುಕ್ಕಾಲು ಪಾಲನ್ನು ನಾನು ನೋಡಿಲ್ಲ, ಕೇಳಿದ್ದೇನೆ.

ಸೀಸನ್ನಿನ ಕೊನೇ, 82ನೇ ಮ್ಯಾಚು. ಪ್ಲೇಆಫ್‌ಗೆ ಉಳಿದದ್ದು ಒಂದೇ ಜಾಗ. ಪಾಯಿಂಟು ನೋಡು: ಡೆಟ್ರಾಯಿಟ್ 89, ವಾಷಿಂಗ್ಟನ್ 89. ನಾವು ಮಾಂಟ್ರಿಯಲ್‌ನಲ್ಲಿ ಗೆಲ್ಲಬೇಕು, ವಾಷಿಂಗ್ಟನ್ ಫಿಲಡೆಲ್ಫಿಯಾದಲ್ಲಿ ಗೆಲ್ಲಬಾರದು. ಇಷ್ಟೇ. ಇದನ್ನು ಅರ್ಥ ಮಾಡಿಕೊಳ್ಳೋಕೆ ಕಾಲೇಜು ಮೆಟ್ಟಿಲು ಹತ್ತಬೇಕಿಲ್ಲ. ಆದರೆ ಅಕ್ಕನ ಮಗನಿಗೆ ಹಿಂದಿನ ರಾತ್ರಿ ಬಿಡಿಸಿ ಹೇಳೋಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. "ಗೆದ್ದರೆ ಎರಡು ಪಾಯಿಂಟು, ಸರಿ. ಓವರ್‌ಟೈಮ್‌ನಲ್ಲಿ ಸೋತವರಿಗೂ ಒಂದು ಯಾಕೆ ಮಾಮಾ? ಸೋತವರಿಗೆ ಯಾರಾದರೂ ಪಗಾರ ಕೊಡ್ತಾರಾ?" ಅಂದ. ಪಾಯಿಂಟು ಸಮ ಆದರೆ ಓವರ್‌ಟೈಮ್‌ಗೆ ಹೋಗದೆ ಅರವತ್ತು ನಿಮಿಷದೊಳಗೇ ಗೆದ್ದ ಮ್ಯಾಚು ಯಾರದು ಹೆಚ್ಚೋ ಅವರು ಮೇಲೆ ಅಂತ ಹೇಳಿದೆ. "ಹಂಗಾದರೆ ಅದು ನಿಮ್ಮ ನೆಟ್ ರನ್ ರೇಟ್" ಅಂದ. ಹೌದು. ಆ ಲೆಕ್ಕದಲ್ಲಿ ವಾಷಿಂಗ್ಟನ್ ನಮಗಿಂತ ಎಷ್ಟೋ ಮುಂದಿತ್ತು. ಅದಕ್ಕೇ ಅವರು ಗೆದ್ದರೆ ನಮ್ಮ ಕತೆ ಮುಗೀತು.

ಮಾಂಟ್ರಿಯಲ್ ಆಗಲೇ ಹೊರಬಿದ್ದ ತಂಡ. ಅವರಿಗೆ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಅಂಥವರ ಎದುರು ಹಿಂದಿನ ದಿನ ನಮ್ಮೂರಲ್ಲೇ (ನಮ್ಮೂರು ಅಂದುಬಿಟ್ಟೆ ನೋಡು, ಡೆಟ್ರಾಯಿಟ್ ಮುಖ ನಾನು ಕನಸಲ್ಲೂ ಕಂಡಿಲ್ಲ) ಹಿಂದೆ ಬಿದ್ದು, ಏಗಿ, ಓವರ್‌ಟೈಮ್‌ನಲ್ಲಿ ಲ್ಯೂಕಸ್ ರೇಮಂಡ್ ಹೊಡೆದ ಗೋಲಿನಿಂದ 5-4ಕ್ಕೆ ಗೆದ್ದಿದ್ದರು. ಬುಧವಾರ ಮತ್ತದೇ ಗೋಳು. ಮೂರನೇ ಪೀರಿಯಡ್ಡಿನ ಕೊನೆಗೆ ಬಂದರೂ 4-3ಕ್ಕೆ ಹಿಂದೆ. ಆ ಕಡೆ ಫಿಲಡೆಲ್ಫಿಯಾದಲ್ಲಿ 1-1.

ಆಗ ಕರೆಂಟ್ ಹೋಯಿತು. ಕೆಳಗೆ ವೈಫೈ ಸತ್ತಿತು. ಫೋನಿನಲ್ಲಿ ನೆಟ್‌ವರ್ಕ್ ಗಾಲಿ ಗಿರಗಿರ ತಿರುಗುತ್ತಾ ನಿಂತಿತು. ಮಾಳಿಗೆಯ ಆ ಮೂಲೆಯಲ್ಲಿ ನೀರಿನ ಟ್ಯಾಂಕ್ ಇದೆಯಲ್ಲ, ಅದರ ಮೇಲೆ ಹತ್ತಿದರೆ ಸಿಗ್ನಲ್ ಸಿಗುತ್ತದೆ. ಲುಂಗಿ ಎತ್ತಿ ಕಟ್ಟಿ ಹತ್ತಿದೆ. ಹತ್ತಿ ನಿಂತರೆ ಎರಡೂ ಸುದ್ದಿ ಒಟ್ಟಿಗೇ ಬಂದವು. ಯಾವುದು ಮೊದಲು ಆಯಿತೋ ಆ ದೇವರಿಗೇ ಗೊತ್ತು. ಒಂದು: ಇನ್ನು ಮೂರ್ನಾಲ್ಕು ಸೆಕೆಂಡ್ ಉಳಿದಿದ್ದಾಗ ನಮ್ಮ ಡೇವಿಡ್ ಪೆರಾನ್ ಗೋಲು ಹೊಡೆದು 4-4 ಮಾಡಿದ್ದ. ನಾನು ಟ್ಯಾಂಕ್ ಮೇಲೆ ನಿಂತು "ಹೊಡೆದಾ!" ಅಂತ ಕೂಗಿದೆ. ಅವ್ವ ಎದ್ದು ಕೂತಳು. ಎರಡು: ಫಿಲಡೆಲ್ಫಿಯಾದವರಿಗೆ ಅರವತ್ತು ನಿಮಿಷದೊಳಗೇ ಗೆಲುವು ಬೇಕಿತ್ತು, ಹಾಗಾಗಿ 1-1 ಇರುವಾಗಲೇ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿಕೊಂಡು ಇನ್ನೊಬ್ಬ ಆಟಗಾರನನ್ನು ಇಳಿಸಿದ್ದರು. ವಾಷಿಂಗ್ಟನ್ನಿನ ಟಿ.ಜೆ. ಓಶಿ ಆ ಖಾಲಿ ಗೋಲಿನೊಳಕ್ಕೆ ಬಿಲ್ಲೆ (ಈ ಆಟದ ಚೆಂಡು ಅದೇ) ಹಾಕಿ ಕೈ ತೊಳೆದುಕೊಂಡಿದ್ದ. 2-1.

ಬಾಗಿಲು ತೆಗೆದಿಟ್ಟ ಮನೆ ದೋಸ್ತ. ಕಾವಲಿಗೆ ನಾಯಿ ಕೂಡ ಇಲ್ಲ.

ಆಮೇಲೆ ನಮ್ಮವರು ಶೂಟ್‌ಔಟ್‌ನಲ್ಲಿ ಗೆದ್ದರು. ಅದನ್ನೂ ಕೇಳಿದೆ, ಟ್ಯಾಂಕ್ ಮೇಲೆ ಕೂತೇ. ಅಷ್ಟೊತ್ತಿಗೆ ಬಿಸಿಲು ಏರಿತ್ತು. ರಾಮನವಮಿ ಅವತ್ತು. ಓಣಿಯ ಹನುಮಂತ ದೇವರ ಗುಡಿಯಲ್ಲಿ ಮೈಕ್ ಹಚ್ಚಿದರು. ಅವ್ವ ಕೆಳಗಿನಿಂದ, "ಗೆದ್ದರೇನೋ ನಿನ್ನ ಬರಫದ ಮಂದಿ?" ಅಂತ ಕೇಳಿದಳು. ಗೆದ್ದರು ಅಂದೆ. ಸುಳ್ಳೇನಲ್ಲವಲ್ಲ? ಮಧ್ಯಾಹ್ನ ಪಾನಕ ಕುಡಿಯುವಾಗ ಅವಳಿಗೆ ನಿಜ ಹೇಳಿದೆ. ನನ್ನ ಮುಖ ನೋಡಿ ಅಂದಳು, "ನಿನ್ನ ಕಾಲ್ಗುಣ."

ಇದಕ್ಕೆ ಉತ್ತರ ಕೊಡೋದು ಹೇಗೆ ಹೇಳು. ಡೆಟ್ರಾಯಿಟ್ ಸತತ 25 ಸೀಸನ್ ಪ್ಲೇಆಫ್ ಆಡಿದ ತಂಡ. ಲೀಗ್ ಚಾಂಪಿಯನ್‌ಗೆ ಕೊಡುವ ಸ್ಟಾನ್ಲಿ ಕಪ್ ಅನ್ನು 11 ಸಲ ಎತ್ತಿದ ತಂಡ. ನೀನು ಆ ಕೆಂಪು ಕ್ಯಾಪ್ ಕಳಿಸಿದ್ದು 2016ರ ದೀಪಾವಳಿಗೆ. ನಾನು ತಲೆಗೆ ಹಾಕಿಕೊಂಡ ಆ ಸೀಸನ್‌ನಿಂದ ಇವತ್ತಿನವರೆಗೆ ಒಂದೇ ಒಂದು ಪ್ಲೇಆಫ್ ಇಲ್ಲ. ಕ್ಯಾಪ್ ಇನ್ನೂ ಇದೆ. ಬೇಳೆ ಧೂಳು ಕುಡಿದು ಕೆಂಪು ಹೋಗಿ ಇಟ್ಟಂಗಿ ಬಣ್ಣಕ್ಕೆ ಬಂದಿದೆ. ಮುಂದಿನ ಆ ರೆಕ್ಕೆಯ ಗಾಲಿ ಚಿತ್ರದ ದಾರ ಬಿಚ್ಚಿಕೊಂಡು ಈಗ ಅರ್ಧ ರೆಕ್ಕೆ ಅಷ್ಟೇ ಉಳಿದಿದೆ. ಹಮಾಲರು ಅದನ್ನು ಯಾವುದೋ ಟ್ರಾನ್ಸ್‌ಪೋರ್ಟ್ ಕಂಪನಿಯ ಗುರುತು ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀನು ನಗುತ್ತೀಯ, ಆದರೂ ಹೇಳುತ್ತೇನೆ. ಮಿಲ್ಲಿನ ಹಳೇ ಕಿರ್ದಿ ಪುಸ್ತಕದ ಹಿಂದಿನ ಪುಟಗಳಲ್ಲಿ ಇಡೀ ಸೀಸನ್ ಬರೆದಿಟ್ಟಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬುಧವಾರ ಮಿಲ್ಲಿಗೆ ಹೋಗಿ ಮೊದಲು ಮಾಡಿದ ಕೆಲಸ ಅದನ್ನು ತಾಳೆ ನೋಡಿದ್ದು. ಡೆಟ್ರಾಯಿಟ್ ಹೊಡೆದ ಗೋಲು 278, ಬಿಟ್ಟುಕೊಟ್ಟದ್ದು 274. ವಾಷಿಂಗ್ಟನ್ ಹೊಡೆದದ್ದು 220, ಬಿಟ್ಟುಕೊಟ್ಟದ್ದು 257. ನಾಲ್ಕು ಲಾಭದಲ್ಲಿರುವವನು ಮನೆಗೆ, ಮೂವತ್ತೇಳು ನಷ್ಟದಲ್ಲಿರುವವನು ಪ್ಲೇಆಫ್‌ಗೆ! ನಮ್ಮ ಗಂಜಿನ ಪೇಟೆಯಲ್ಲಿ ಇಂಥ ಲೆಕ್ಕ ತಂದರೆ ಅಡತಿಯವರು ಅಂಗಡಿ ಮೆಟ್ಟಿಲು ಇಳಿಸಿಬಿಡುತ್ತಾರೆ.

ಮೊದಲ ದಿನ ಸಿಟ್ಟೆಲ್ಲ ವಾಷಿಂಗ್ಟನ್ ಮೇಲೆ. ಎರಡನೇ ದಿನ ಫಿಲಡೆಲ್ಫಿಯಾ ಕೋಚ್ ಮೇಲೆ. ಮೂರನೇ ದಿನ ಪುಟ ಹಿಂದಕ್ಕೆ ತಿರುಗಿಸಿದೆ. ಅಲ್ಲಿತ್ತು ನೋಡು ಹುಳ.

ಫೆಬ್ರವರಿ ಕೊನೇ ವಾರ ನೆನಪಿದೆಯಾ? ಎಲ್ಲಿ ನೆನಪಿರುತ್ತೆ, ನೀನು ಬಿಟ್ಟಿದ್ದೆಯಲ್ಲ. 25ನೇ ತಾರೀಕು ನಮ್ಮ ಪ್ಯಾಟ್ರಿಕ್ ಕೇನ್ ಶಿಕಾಗೋಗೆ ಆಡೋಕೆ ಹೋದ. ಮೂರು ಕಪ್ ಗೆದ್ದುಕೊಟ್ಟ ಊರು ಅವನಿಗೆ ಅದು. ಸೊಂಟದ ಆಪರೇಷನ್ ಆಗಿ, ಇವನ ಆಟ ಮುಗೀತು ಅಂತ ಎಲ್ಲರೂ ಕೈ ಬಿಟ್ಟಿದ್ದ ಮನುಷ್ಯ. ನಮ್ಮ ಅಂಗಿ ಹಾಕಿಕೊಂಡು ಓವರ್‌ಟೈಮ್‌ನಲ್ಲಿ ಗೋಲು ಹೊಡೆದ. ಎದುರಾಳಿ ಊರಿನ ಮಂದಿಯೇ ಎದ್ದು ನಿಂತು ಕೂಗಿದರು. ಆ ಹೈಲೈಟ್ಸ್ ನಾನು ಹತ್ತು ಸಲ ನೋಡಿದ್ದೇನೆ. ಎರಡು ದಿನ ಬಿಟ್ಟು ಇದೇ ವಾಷಿಂಗ್ಟನ್‌ಗೆ 8-3 ಬಾರಿಸಿದರು. ಸತತ ಆರು ಗೆಲುವು. ಆ ಪುಟದಲ್ಲಿ ಮೂಲೆಗೆ ಒಂದು ನಕ್ಷತ್ರ ಬಿಡಿಸಿದ್ದೇನೆ, ಚಿಕ್ಕ ಹುಡುಗರ ಹಾಗೆ.

ಮರುಪುಟ ತೆಗೆದರೆ ಸತತ ಏಳು ಸೋಲು. ಕ್ಯಾಪ್ಟನ್ ಡಿಲನ್ ಲಾರ್ಕಿನ್ ಗಾಯ ಮಾಡಿಕೊಂಡು ಹೊರಗೆ ಕೂತ. ಅವನೊಬ್ಬ ಇಲ್ಲದ್ದಕ್ಕೆ ಇಡೀ ಬಂಡಿ ಗುಂಡಿಗೆ. ಕಾಲೇಜಿನ ಪುಟ್ಟ ಅಂಗಳದಲ್ಲಿ ಆಡಿಕೊಂಡಿದ್ದ ಅರಿಜೋನಾ ಎದುರು ಹದಿನೈದು ದಿನದೊಳಗೆ ಎರಡು ಸಲ ಸೋತರು. ಎರಡು ಸಲ! ಆ ತಂಡವನ್ನು ಮೊನ್ನೆ ಗುರುವಾರ ಯೂಟಾದವರಿಗೆ ಮಾರಿದರಂತೆ. ನಮಗೆ ನಾಲ್ಕು ಪಾಯಿಂಟ್ ಬಾಕಿ ಇಟ್ಟು ಊರು ಬಿಟ್ಟರು.

ನಾನು ಆಗ ಮಾರ್ಚ್ ಎಂಡಿಂಗ್ ಲೆಕ್ಕದಲ್ಲಿ ಮುಳುಗಿದ್ದೆ. ರಾತ್ರಿ ಹತ್ತರವರೆಗೆ ಮಿಲ್ಲಿನಲ್ಲಿ, ಮುಂಜಾನೆ ಎದ್ದರೆ ಸೋಲು. ಆಗಲೇ ಅಲ್ವಾ ನೀನು ಫೋನ್ ಮಾಡಿ "ಸುಮ್ನೆ ಪುಸ್ತಕ ಮುಚ್ಚೋ, ಈ ಸಲವೂ ಇಲ್ಲ" ಅಂದದ್ದು? ನಾನು ಮುಚ್ಚಲಿಲ್ಲ. ಆಮೇಲೆ ಲಾರ್ಕಿನ್ ಬಂದ, ಅಲ್ಲೊಂದು ಇಲ್ಲೊಂದು ಗೆದ್ದು ಕೊನೇ ದಿನದವರೆಗೂ ಜೀವ ಹಿಡಿದುಕೊಂಡಿದ್ದರು. ಏಪ್ರಿಲ್ 9ಕ್ಕೆ ವಾಷಿಂಗ್ಟನ್ ಎದುರು 2-1ಕ್ಕೆ ಸೋತಾಗಲೂ ಬಿಡಲಿಲ್ಲ. ಅದೇ ಜಾಗಕ್ಕೆ ಬಿದ್ದಿದ್ದ ಪಿಟ್ಸ್‌ಬರ್ಗ್ 88ಕ್ಕೆ ನಿಂತಿತು, ಫಿಲಡೆಲ್ಫಿಯಾ 87ಕ್ಕೆ. ನಾವು 91, ವಾಷಿಂಗ್ಟನ್ 91. ಹಾಗಾಗಿ ನಾವು ಸೋತದ್ದು ಅಲ್ಲಿನ ಮಂಗಳವಾರ ರಾತ್ರಿ (ಇಲ್ಲಿ ಬುಧವಾರ ಮುಂಜಾನೆ) ಅಲ್ಲ ದೋಸ್ತ, ನಾನು ತೊಗರಿ ಚೀಲ, ಚುನ್ನಿ ಚೀಲ ಎಣಿಸುತ್ತಾ ಕೂತಿದ್ದ ಆ ಹದಿನೈದು ದಿನದಲ್ಲಿ. ಏಳರಲ್ಲಿ ಒಂದೇ ಒಂದನ್ನು ಓವರ್‌ಟೈಮ್‌ವರೆಗೆ ಎಳೆದಿದ್ದರೂ ಸಾಕಿತ್ತು. ಗೆಲ್ಲೋದು ಬೇಡ, ಮರ್ಯಾದೆಯಾಗಿ ಸೋತಿದ್ದರೆ ಸಾಕಿತ್ತು. ಆ "ಸೋತವರಿಗೆ ಪಗಾರ" ಒಂದು ಪಾಯಿಂಟ್ ಬಂದಿದ್ದರೆ 92.

ನಮ್ಮ ತಂಡದ ಮ್ಯಾನೇಜರ್ ಐಜರ್ಮನ್ ಬಗ್ಗೆ ನಿನ್ನ ಹತ್ತಿರ ಮಾತಾಡೋಕೆ ಹೆದರಿಕೆ. ನಿನಗೆ ಅವನು ದೇವರು. ಕ್ಯಾಪ್ಟನ್ ಆಗಿ ಮೂರು ಕಪ್ ಎತ್ತಿದವನು, ಒಪ್ಪಿದೆ. ರೇಮಂಡ್‌ನನ್ನು, ಮೊರಿಟ್ಜ್ ಸೈಡರ್‌ನನ್ನು ಆರಿಸಿ ತಂದವನೂ ಅವನೇ, ಅದನ್ನೂ ಒಪ್ಪಿದೆ. ಆದರೆ ಮ್ಯಾನೇಜರ್ ಆಗಿ ಬಂದದ್ದು 2019ರಲ್ಲಿ. ಐದು ವರ್ಷ ಆಯ್ತು. 274 ಗೋಲು ಬಿಟ್ಟುಕೊಡುವ ತಂಡಕ್ಕೆ ಹೊಡೆಯುವವರು ಬೇಕಾ, ಕಾಯುವವರು ಬೇಕಾ? ಮಿಲ್ಲಿನಲ್ಲಿ ಜರಡಿ ಹರಿದಿದ್ದರೆ ಎಷ್ಟು ತೊಗರಿ ಸುರಿದರೇನು, ಬೇಳೆಯೆಲ್ಲ ಹೊಟ್ಟಿನ ಜೊತೆ ಕೆಳಗೆ. ಬೈಯೋದಿದ್ದರೆ ಬೈದು ಬರಿ, ಬರೆದರೆ ಸಾಕು.

ಒಂದು ವಿಷಯ ಮರೆತಿದ್ದೆ. ಈ ಸಲ ಶರಣಬಸವೇಶ್ವರ ಜಾತ್ರೆಗೆ ಅಕ್ಕನ ಮಗನನ್ನು ಕರಕೊಂಡು ಹೋಗಿದ್ದೆ. ತೇರು ಎಳೆಯುವಾಗ ಮಂದಿ ಬಾಳೆಹಣ್ಣು, ಖಾರೀಕು (ಒಣ ಖರ್ಜೂರ) ಎಸೀತಿದ್ದರು. ಒಂದು ಖಾರೀಕು ಬಂದು ಸೀದಾ ನನ್ನ ಕ್ಯಾಪಿಗೆ ಬಡಿಯಿತು. ಆಗ ನಿನ್ನ ಆಕ್ಟೋಪಸ್ ಕತೆ ಅವನಿಗೆ ಹೇಳಿದೆ. 1952ರಲ್ಲಿ ಕಪ್ ಗೆಲ್ಲೋಕೆ ಎಂಟು ಗೆಲುವು ಬೇಕಿತ್ತು, ಡೆಟ್ರಾಯಿಟ್‌ನ ಮೀನಂಗಡಿಯ ಅಣ್ಣತಮ್ಮಂದಿರು ಎಂಟು ಕಾಲಿನ ಆಕ್ಟೋಪಸ್ ತಂದು ಬರಫದ ಮೇಲೆ ಎಸೆದರು, ತಂಡ ಎಂಟಕ್ಕೆ ಎಂಟೂ ಗೆದ್ದಿತು, ಅವತ್ತಿನಿಂದ ಅದು ಪದ್ಧತಿ ಅಂತ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಖಾರೀಕಾದರೆ ಹೆಕ್ಕಿ ತಿನ್ನಬಹುದು ಮಾಮಾ" ಅಂದ. ಡೆಟ್ರಾಯಿಟ್‌ಗೆ ಹೋಗಿ ಬರುವ ಆಸೆ ಅವನಿಗೆ ಅಷ್ಟಕ್ಕೇ ಹೋಯ್ತು ಅನ್ನಿಸುತ್ತೆ. ನನಗೆ ಹೋಗಿಲ್ಲ.

ಇವತ್ತು ನಡುರಾತ್ರಿ ವಾಷಿಂಗ್ಟನ್, ನ್ಯೂಯಾರ್ಕ್ ರೇಂಜರ್ಸ್ ಎದುರು ಶುರು ಮಾಡುತ್ತದೆ. ರೇಂಜರ್ಸ್ 114 ಪಾಯಿಂಟ್ ತಂಡ, ಇಡೀ ಲೀಗ್‌ಗೆ ಮೊದಲು. ನಾನು ಅಲಾರಂ ಇಟ್ಟಿಲ್ಲ. ಎಚ್ಚರ ಆದರೆ ನೋಡುತ್ತೇನೆ. ಅವರು ಸೋಲಲಿ ಅಂತ ಬೇಡಿಕೊಳ್ಳುವಷ್ಟು ಸಣ್ಣವನಲ್ಲ ನಾನು. ಸೋತರೆ ಬೇಜಾರೂ ಇಲ್ಲ.

ಪಕ್ಕದ ರೂಮಿನಲ್ಲಿ ಈಗ ಒಂದು ದೊಡ್ಡ ಚೀರಾಟ ಆಗಿ ಒಮ್ಮೆಲೇ ಶಾಂತ ಆಯಿತು. ಎದ್ದು ಹೋಗಿ ನೋಡಿ ಬಂದೆ. ಕೊನೇ ಓವರ್‌ಗೆ 21 ಬೇಕಿತ್ತಂತೆ. ಕರ್ಣ್ ಶರ್ಮಾ ಸ್ಟಾರ್ಕ್‌ಗೆ ಮೂರು ಸಿಕ್ಸರ್ ಎತ್ತಿದನಂತೆ. ಕೊನೇ ಚೆಂಡಿಗೆ ರನ್‌ಔಟ್. ಒಂದೇ ರನ್ನಿನಿಂದ ಸೋತರು. ಎಂಟು ಮ್ಯಾಚಿನಲ್ಲಿ ಇದು ಏಳನೇ ಸೋಲು. ಹುಡುಗ ಟಿವಿ ಆರಿಸಿ ಗೋಡೆ ನೋಡುತ್ತಾ ಕೂತಿದ್ದ. ನಾನೇನೂ ಮಾತಾಡಲಿಲ್ಲ. ಮಾತಾಡಿದರೆ ಅಳುತ್ತಾನೆ ಅಂತ ಗೊತ್ತಿತ್ತು.

ಈಗ ನನ್ನ ಪಕ್ಕಕ್ಕೆ ಬಂದು ಕೂತಿದ್ದಾನೆ. ಕಿರ್ದಿ ಪುಸ್ತಕದ ಪುಟ ತಿರುಗಿಸುತ್ತಿದ್ದಾನೆ. "ಮಾಮಾ, ಇನ್ನೂ ಆರು ಮ್ಯಾಚ್ ಇವೆ. ಆರಕ್ಕೆ ಆರೂ ಗೆದ್ದರೆ 14 ಪಾಯಿಂಟ್ ಆಗುತ್ತೆ ಅಲ್ವಾ?" ಅಂತ ಕೇಳ್ತಿದ್ದಾನೆ. ಆಗುತ್ತೆ ಅಂದೆ. ಖಾಲಿ ಹಾಳೆ ಕೇಳಿದ. ಡೆಟ್ರಾಯಿಟ್ ಪುಟದ ಹಿಂಬದಿ ಬಿಟ್ಟುಕೊಟ್ಟು, ಪೆನ್ಸಿಲ್ ಕೊಟ್ಟಿದ್ದೇನೆ.

ಹೊಸ ಕ್ಯಾಪ್ ಒಂದು ಕಳಿಸು. ಎರಡಾದರೂ ಸರಿ.

ನಿನ್ನ
ಗಂಜಿನ ಮುನೀಮ