ಕ್ಷೇತ್ರದ ಇತಿಹಾಸ ಗ್ರಂಥಾಲಯದಲ್ಲಿ ಸಿಗಲಿ
ಮಾನ್ಯರೆ,

ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದ ಹಳೆಯ ಕಥೆ ಎಷ್ಟೋ ಹೊಸ ಮತದಾರರಿಗೆ ಗೊತ್ತೇ ಇಲ್ಲ. 2008ರ ಮರುವಿಂಗಡಣೆಗೆ ಮೊದಲು ಇದು ಹುಬ್ಬಳ್ಳಿ ಗ್ರಾಮೀಣ. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದು ಇಲ್ಲಿಂದ ಗೆದ್ದೇ. 1994ರಲ್ಲಿ ಅವರ ಮಗ ಬಸವರಾಜ ಬೊಮ್ಮಾಯಿ ಅವರನ್ನು ಜಗದೀಶ ಶೆಟ್ಟರ್ ಸೋಲಿಸಿದರು. ಅಲ್ಲಿಂದ ಸತತ ಆರು ಸಲ ಗೆದ್ದರು, ಮುಖ್ಯಮಂತ್ರಿಯೂ ಆದರು. ಅಂದು ಸೋತ ಬಸವರಾಜರೂ ಮುಂದೆ ಶಿಗ್ಗಾವಿಯಿಂದ ಗೆದ್ದು ಅದೇ ಕುರ್ಚಿ ಏರಿದರು! 2023ರಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್‌ನಿಂದ ನಿಂತ ಶೆಟ್ಟರ್, ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು 34 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. ಇಂಥ ಮತದಾರರನ್ನು ಯಾರೂ ಸುಮ್ನೆ ತಮ್ಮವರೆಂದು ಲೆಕ್ಕ ಹಾಕಬಾರದು, ಅಲ್ವಾ?

ಗೆದ್ದವರು, ಸೋತವರು, ಪಡೆದ ಮತ ಎಲ್ಲವನ್ನೂ ಫಲಕದಲ್ಲಿ ಬರೆಸಿ ನಗರದ ಗ್ರಂಥಾಲಯಗಳಲ್ಲಿ ಹಾಕಲಿ. ಚುನಾವಣಾ ಆಯೋಗದ ಬಳಿ ಅಂಕಿಅಂಶ ಇದ್ದೇ ಇದೆ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ