ಅಡ್ರೆಸ್ ಕೇಳೋ ಬೈಕಿನವರು

ಮಾನ್ಯ ಸಂಪಾದಕರೇ,

ನಮ್ಮ ಶಿವಮೊಗ್ಗದ ವಿನೋಬನಗರ, ಗೋಪಾಳದ ಕಡೆ ಬೆಳಗ್ಗೆ ವಾಕಿಂಗ್ ಹೋಗೋ, ಬಾಗಿಲಿಗೆ ರಂಗೋಲಿ ಹಾಕೋ ಹೆಂಗಸರು ಸ್ವಲ್ಪ ಹುಷಾರಾಗಿರಿ. ಸರ ಕೀಳೋರು ಸಾಮಾನ್ಯವಾಗಿ ಬೈಕಲ್ಲಿ ಇಬ್ರು ಬರ್ತಾರೆ, ಹಿಂದಿನವನು ಅಡ್ರೆಸ್ ಕೇಳ್ತಾ ಚೀಟಿ ತೋರಿಸ್ತಾನೆ, ನೀವು ಬಗ್ಗಿ ನೋಡೋದ್ರೊಳಗೆ ಕುತ್ತಿಗೆಗೆ ಕೈ, ಇಂಜಿನ್ ಮಾತ್ರ ಆಫ್ ಆಗಿರಲ್ಲ ಅದನ್ನ ಗಮನಿಸಿ. ದೂರದಿಂದ್ಲೇ ಗೊತ್ತಿಲ್ಲ ಅಂದ್ಬಿಡಿ, ಮರ್ಯಾದೆ ಏನೂ ಹೋಗಲ್ಲ. ಚಾಕು ತೋರಿಸಿದ್ರೆ ಎಳೆದಾಡ್ಬೇಡಿ, ಕೊಟ್ಬಿಡಿ, ಆಮೇಲೆ 112ಕ್ಕೆ ಫೋನ್ ಮಾಡಿ. ನಂಬರ್ ಪ್ಲೇಟ್ ಸುಳ್ಳಿರಬಹುದು, ನಮ್ಮ ಮಳೆಗಾಲದಲ್ಲಂತೂ ಎಲ್ರೂ ರೇನ್‌ಕೋಟಲ್ಲೇ ಇರ್ತಾರೆ, ಹಾಗಾಗಿ ಹೆಲ್ಮೆಟ್ ಬಣ್ಣ, ಹೋದ ದಿಕ್ಕು ಹೇಳಿ. ಐಪಿಸಿ ಬದಲಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆ 304ನೇ ಸೆಕ್ಷನ್ ಪ್ರಕಾರ ಈಗ ಕಿತ್ಕೊಂಡು ಹೋಗೋದೇ ಪ್ರತ್ಯೇಕ ಅಪರಾಧ, 3 ವರ್ಷದವರೆಗೆ ಜೈಲು. ‘ಹೋದ್ರೆ ಹೋಯ್ತು’ ಅನ್ನದೆ ಕಂಪ್ಲೇಂಟ್ ಕೊಡಿ.

– ಓದುಗಿ, ಶಿವಮೊಗ್ಗ