ಗೋವಿನಜೋಳದ ತವರಿನ ಪಕ್ಕದಿಂದ

ಆಲ್ಬುಕರ್ಕಿ, ನ್ಯೂ ಮೆಕ್ಸಿಕೊ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಜ್ಜಿಯ ಮೊಣಕಾಲು ನೋವು ಈಗ ಹೇಗಿದೆ?

ಹಳೇ ಕಾಲದ ಜನರ ಕುರುಹು ಹುಡುಕಿ ಮಣ್ಣು ಅಗೆಯುವ ಕೆಲಸಕ್ಕೆ ನಾನು ಇಲ್ಲಿಗೆ ಬಂದದ್ದಕ್ಕೆ, ಮೊನ್ನೆ ಫೋನಿನಲ್ಲಿ "ಐನೂರು ವರ್ಷದ ದೇಶ, ಅಲ್ಲಿ ಅಗ್ಯಾಕ ಏನೈತಿ?" ಅಂತ ಕೇಳಿದಿರಿ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅದಕ್ಕೇ ಈ ಕಾಗದ.

ಐನೂರು ವರ್ಷ ಆಗಿರುವುದು ಕೊಲಂಬಸ್ ಬಂದು. ನಮ್ಮೂರಿಂದ ಮೂರು-ನಾಲ್ಕು ತಾಸಿನ ದಾರಿಯಲ್ಲಿ ವೈಟ್ ಸ್ಯಾಂಡ್ಸ್ ಅಂತ ಒಂದು ಜಾಗವಿದೆ (ನೋಡಿ, ಆಗಲೇ ಆಲ್ಬುಕರ್ಕಿಯನ್ನು ನಮ್ಮೂರು ಅಂದುಬಿಟ್ಟೆ, ಅವ್ವನಿಗೆ ಹೇಳಬೇಡಿ). ಅಲ್ಲಿ ಬತ್ತಿಹೋದ ಕೆರೆಯಂಗಳದಲ್ಲಿ ಮನುಷ್ಯರ ಹೆಜ್ಜೆಗುರುತುಗಳು ಸಿಕ್ಕಿವೆ. ಕೆಲವು ಹೆಜ್ಜೆಗಳಿಗೆ 21,000ದಿಂದ 23,000 ವರ್ಷ ವಯಸ್ಸು ಎಂದು 2021ರಲ್ಲಿ ಪ್ರಕಟವಾದಾಗ ದೊಡ್ಡ ಗದ್ದಲವೇ ಆಯಿತು. ಯಾಕೆಂದರೆ ಅದುವರೆಗೆ ಎಷ್ಟೋ ಜನ ಪಂಡಿತರು, ಇದೇ ರಾಜ್ಯದ ಕ್ಲೋವಿಸ್ ಊರಿನ ಹತ್ತಿರ ಸಿಕ್ಕಿದ ಈಟಿಮೊನೆಗಳ ಕಾಲ, ಅಂದರೆ ಸುಮಾರು 13,000 ವರ್ಷ, ಅದೇ ಮೊದಲು ಅಂತ ಹಿಡಿದು ಕೂತಿದ್ದರು. ಚಿಲಿ ದೇಶದ ಮೊಂಟೆ ವೆರ್ಡೆಯಲ್ಲಿ 14,500 ವರ್ಷದ ನೆಲೆ ಸಿಕ್ಕಾಗಲೂ ಒಪ್ಪಿಕೊಳ್ಳಲು ಇಪ್ಪತ್ತು ವರ್ಷ ಸತಾಯಿಸಿದರು.

ವೈಟ್ ಸ್ಯಾಂಡ್ಸಿನ ಇನ್ನೊಂದು ಹೆಜ್ಜೆಸಾಲಿನಲ್ಲಿ ಯಾರೋ ಒಬ್ಬರು ಕೂಸನ್ನು ಎತ್ತಿಕೊಂಡು ಕೆಸರಿನಲ್ಲಿ ಬಿರಬಿರನೆ ನಡೆದಿದ್ದಾರೆ. ಬಹುಶಃ ಹೆಂಗಸು, ಇಲ್ಲವೇ ಹರೆಯದ ಹುಡುಗ. ಅಲ್ಲಲ್ಲಿ ಕೂಸಿನ ಪುಟ್ಟ ಪಾದ ಮೂಡಿದೆ. ಕೈ ಸೋತು ಕೆಳಗಿಳಿಸಿರಬೇಕು. ಅದೇ ದಾರಿಯಲ್ಲಿ ತಿರುಗಿ ಬರುವಾಗ ಕೂಸು ಜೊತೆಗಿಲ್ಲ. ಯಾರ ಮನೆಯಲ್ಲಿ ಬಿಟ್ಟು ಬಂದರೋ!

ಎಲುಬು ಮುಟ್ಟುತ್ತೇನೆ ಅಂತ ಅವ್ವ ಹೆದರಿದ್ದಾಳಲ್ಲ, ಇಲ್ಲ ಅಂತ ಹೇಳಿ. 1990ರ ಕಾನೂನಿನ ಪ್ರಕಾರ ಮ್ಯೂಸಿಯಮ್ಮುಗಳು ಮೂಲನಿವಾಸಿಗಳ ಹಿರಿಯರ ಅಸ್ಥಿಯನ್ನು ಅವರವರ ಕುಲದವರಿಗೆ ಮರಳಿಸಬೇಕು. 1996ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕ ಕೆನೆವಿಕ್ ಮನುಷ್ಯ ಎಂಬ ಸಾವಿರಾರು ವರ್ಷ ಹಳೆಯ ಅಸ್ಥಿಪಂಜರದ ವಿಷಯ ಕೋರ್ಟಿಗೆ ಹೋಗಿ, ಕೊನೆಗೆ ಡಿಎನ್‌ಎ ಪರೀಕ್ಷೆಯೂ ಆಗಿ, 2017ರಲ್ಲಿ ಅಲ್ಲಿನ ಮೂಲನಿವಾಸಿ ಕುಲದವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ಅದೇ ಸರಿ ಅಂತ ನನಗೂ ಅನಿಸುತ್ತದೆ.

ನನ್ನ ಕೆಲಸವೆಲ್ಲ ಕಾಳಿನದು. ಹಳೇ ಒಲೆಯ ಬೂದಿಮಣ್ಣನ್ನು ನೀರಿನ ಡ್ರಮ್ಮಿಗೆ ಹಾಕಿ ಕಲಕುತ್ತೇವೆ. ಮಣ್ಣು ತಳಕ್ಕೆ ಕೂರುತ್ತದೆ, ಕರಕಲಾದ ಕಾಳು ತೇಲುತ್ತದೆ. ಅದನ್ನು ತೆಳುಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಚಿಮಟದಿಂದ ಆರಿಸುವುದು. ಅವ್ವ ಮೊರ ಹಿಡಿದು ಅಕ್ಕಿ ಆರಿಸಿದ ಹಾಗೇ, ಕತ್ತು ಮಾತ್ರ ಹೆಚ್ಚು ನೋಯುತ್ತದೆ.

ನೀವು ಪ್ರತಿವರ್ಷ ಬಿತ್ತುವ ಗೋವಿನಜೋಳದ ಮೂಲವನ್ನು ಕೈಯಲ್ಲಿ ಹಿಡಿದು ನೋಡಿದೆ ಅಪ್ಪಾಜಿ. ಟಿಯೊಸಿಂಟೆ ಅಂತ ಒಂದು ಹುಲ್ಲು. ತೆನೆ ನನ್ನ ಕಿರುಬೆರಳಿಗಿಂತ ಸಣ್ಣದು, ಅದರಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದಕ್ಕೂ ಕಲ್ಲಿನಂಥ ಸಿಪ್ಪೆ. ಇದನ್ನು ನೋಡಿದರೆ ಯಾರೂ ಬೆಳೆ ಅನ್ನುವುದಿಲ್ಲ, ಕಳೆ ಅಂತ ಕಿತ್ತು ಬದುವಿಗೆ ಎಸೆಯುತ್ತಾರೆ. ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯ ಜನ ಸುಮಾರು 9,000 ವರ್ಷದ ಹಿಂದೆ ಅದರಲ್ಲೇ ಒಳ್ಳೆಯದನ್ನು ಆರಿಸಿ ಬಿತ್ತಲು ಶುರುಮಾಡಿದರು. ಈ ನ್ಯೂ ಮೆಕ್ಸಿಕೊ ಕಡೆಗೆ ಅದು ಬಂದು 4,000 ವರ್ಷ. ಈಗಿನ ತೆನೆ ತಾನಾಗಿ ಕಾಳು ಉದುರಿಸುವುದಿಲ್ಲ, ಸಿಪ್ಪೆ ಸುಲಿದು ಬಿತ್ತುವ ಕೈ ಬೇಕೇ ಬೇಕು. ಬೀಜದ ಕಂಪನಿ, ಕೃಷಿ ವಿಶ್ವವಿದ್ಯಾಲಯ ಒಂದೂ ಇಲ್ಲದ ಕಾಲದ ಕೆಲಸ ಇದು! ಇಂಥವರನ್ನು ನಾವು ಶಾಲೆಯಲ್ಲಿ ಕಾಡುಜನ ಅಂತ ಓದಿದೆವು.

ಗೋವಿನಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬಿಸಿ, ನೆಲಕ್ಕೆ ಕುಂಬಳದ ಬಳ್ಳಿ ಬಿಡುತ್ತಿದ್ದರು. ನಿಮ್ಮ ಅಕ್ಕಡಿ ಸಾಲಿನ ಲೆಕ್ಕಾಚಾರವೇ. ಇನ್ನೊಂದು ಜಾಣತನ: ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು ಹಸಿಯಾಗಿಯೇ ಅರೆದು ರೊಟ್ಟಿ ಮಾಡುತ್ತಾರೆ, ಇವತ್ತಿಗೂ. ಸುಣ್ಣ ಹಾಕದಿದ್ದರೆ ಅದರೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಯುರೋಪಿನವರು ಗೋವಿನಜೋಳ ಒಯ್ದರು, ಸುಣ್ಣದ ಉಪಾಯ ಒಯ್ಯಲಿಲ್ಲ. ಅದನ್ನೇ ಮೂರು ಹೊತ್ತು ಉಂಡ ಉತ್ತರ ಇಟಲಿಯ ಬಡವರು ಆ ಜೀವಸತ್ವದ ಕೊರತೆಯಿಂದ ಪೆಲಾಗ್ರಾ ಎಂಬ ರೋಗ ಬಂದು ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು.

ಕೊಲಂಬಸ್ಸಿಗೂ ಮೊದಲಿನ ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆ, ಹಾಗಾಗಿ ಅದು ನಮ್ಮದೇ ಅಂತ ಸೋದರಮಾವ ವಾಟ್ಸಾಪಿನಲ್ಲಿ ವಾದ ಹೂಡಿದ್ದಾರೆ. 1989ರಲ್ಲಿ ಅಮೆರಿಕದ ಕಾರ್ಲ್ ಜೋಹಾನೆಸೆನ್ ಅದೇ ವಾದ ಮಾಡಿದ್ದರು, ಮಾವನ ಸ್ವಂತದ್ದೇನಲ್ಲ. ಅದು ಮುತ್ತು ಪೋಣಿಸಿದ ಮುಕ್ತಾಫಲ ಅಂತ ಬೇರೆಯವರು ಉತ್ತರ ಕೊಟ್ಟರು. ನನಗೆ ಕೇಳಿದರೆ, ಕಲ್ಲಿನ ತೆನೆಗಿಂತ ಮಣ್ಣಿನ ಕಾಳು ದೊಡ್ಡ ಸಾಕ್ಷಿ. ನಮ್ಮ ಹಳ್ಳೂರು, ಬಳ್ಳಾರಿಯ ಸಂಗನಕಲ್ಲು ಕಡೆಯ ನವಶಿಲಾಯುಗದ ನೆಲೆಗಳ ಮಣ್ಣಲ್ಲಿ ಹುರುಳಿ, ಹೆಸರು, ಕೊರಲೆ ತೇಲಿ ಬಂದಿವೆ, ಗೋವಿನಜೋಳ ಬಂದಿಲ್ಲ. ಮಾವನಿಗೆ ನೀವೇ ಹೇಳಿ, ನಾನು ಹೇಳಿದರೆ ಸಿಟ್ಟಾಗುತ್ತಾರೆ.

ಈ ಸಲ ಗೋವಿನಜೋಳಕ್ಕೆ ಲದ್ದಿ ಹುಳದ ಕಾಟ ಎಷ್ಟಿದೆ? 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡಿತಲ್ಲ, ಅದರ ತವರೂ ಇದೇ ಖಂಡ. ಮಧ್ಯ ಅಮೆರಿಕದ ಸಣ್ಣ ರೈತರು ಸುಳಿಯೊಳಗೆ ಒಂದು ಚಿಟಿಕೆ ಮಣ್ಣು, ಇಲ್ಲವೇ ಬೂದಿ ಹಾಕುತ್ತಾರೆ. ಹಳ್ಳದ ಕಡೆಯ ಎರಡು ಸಾಲಿಗೆ ಔಷಧಿ ಹೊಡೆಯದೆ ಹೀಗೆ ಮಾಡಿ ನೋಡಿ. ಹದಿನೈದು ದಿನ ಬಿಟ್ಟು ತಮ್ಮನ ಕೈಲಿ ಫೋಟೊ ತೆಗೆಸಿ ಕಳಿಸಿ, ಸುಳಿ ಸರಿಯಾಗಿ ಕಾಣುವ ಹಾಗೆ.

ನಿಮ್ಮ ಮಗಳು